ಕೀಲಿಕೈ ಜೊತೆಗೆ ಬಾಯ್ಲರ್ ಬಿಲ್ಲು

2001ರ ಮಾರ್ಚ್ 21. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಗೋವನ್‌ಹಿಲ್ ಅನ್ನೋ ಬಡಾವಣೆ. ಅಲ್ಲಿನ ಜನ ತಮ್ಮ ಈಜುಕೊಳದ ಕಟ್ಟಡದೊಳಗೆ ಹೋಗಿ ಕೂತುಬಿಟ್ಟರು. ಹೊರಗೆ ಬರಲ್ಲ ಅಂದರು. ಯಾಕೆ ಗೊತ್ತಾ? ನಗರಪಾಲಿಕೆ ಅದಕ್ಕೆ ಬೀಗ ಹಾಕಲು ಹೊರಟಿತ್ತು.

ಒಂದು ಈಜುಕೊಳಕ್ಕೆ ಇಷ್ಟೊಂದು ಗಲಾಟೆಯಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಆ ಕಟ್ಟಡದ ಕಥೆ ಕೇಳಿ. ಅಡಿಗಲ್ಲು ಬಿದ್ದದ್ದು 1914ರಲ್ಲಿ, ಬಾಗಿಲು ತೆರೆದದ್ದು 1917ರಲ್ಲಿ, ಮಹಾಯುದ್ಧ ನಡೆಯುತ್ತಿರುವಾಗಲೇ. ಸುತ್ತಮುತ್ತ ಇದ್ದದ್ದು ಕಲ್ಲಿನ ವಠಾರಗಳು. ಎಷ್ಟೋ ಮನೆಗಳಿಗೆ ಬಚ್ಚಲೇ ಇರಲಿಲ್ಲ. ಜನ ಇಲ್ಲಿಗೆ ಈಜೋಕೆ ಮಾತ್ರ ಬರುತ್ತಿರಲಿಲ್ಲ, ಬಿಸಿನೀರಲ್ಲಿ ಮೈ ತೊಳೆಯೋಕೆ, ಬಟ್ಟೆ ಒಗೆಯೋಕೂ ಬರುತ್ತಿದ್ದರು. ಐರಿಷರು, ಯಹೂದಿಗಳು, ಆಮೇಲೆ ಪಾಕಿಸ್ತಾನದಿಂದ ಬಂದವರು, ಹೀಗೆ ವಲಸೆ ಬಂದವರೆಲ್ಲ ನೆಲೆಯೂರಿದ ಬಡಾವಣೆ ಅದು.

ಧರಣಿ ನಡೆದದ್ದು ಬರೋಬ್ಬರಿ 140 ದಿನ. ಆಗಸ್ಟ್ 7ರಂದು ಕೋರ್ಟಿನ ಅಮೀನರು ಪೊಲೀಸರ ಜೊತೆ ಬಂದು ಎಲ್ಲರನ್ನೂ ಹೊರಹಾಕಿದರು. ಅಲ್ಲಿಗೆ ಮುಗೀತಾ? ಇಲ್ಲ. ಅದೇ ಜನ ಮುಂದೆ ಒಂದು ಕಮ್ಯುನಿಟಿ ಟ್ರಸ್ಟ್ ಕಟ್ಟಿದರು. 2012ರಲ್ಲಿ ಕಟ್ಟಡದ ಒಂದು ಭಾಗ ಮತ್ತೆ ತೆರೆಯಿತು. ಕೊಳದಲ್ಲಿ ನೀರಿರಲಿಲ್ಲ ನಿಜ. ಆದರೂ ಸುಮ್ಮನೆ ಬಿಡಲಿಲ್ಲ, ಒಣಗಿದ ಕೊಳದಲ್ಲೇ ನಾಟಕ ಆಡಿದರು!

ನೀರು ಯಾಕಿರಲಿಲ್ಲ? ಇಲ್ಲಿ ನನ್ನೊಳಗಿನ ಎಂಜಿನಿಯರ್ ಸುಮ್ಮನಿರಲ್ಲ. 25 ಮೀಟರ್ ಉದ್ದ, 10 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಒಂದು ಕೊಳ ಅಂದುಕೊಳ್ಳಿ. 3.75 ಲಕ್ಷ ಲೀಟರ್ ನೀರು. ಅದರ ಬಿಸಿ ಬರೀ ಒಂದು ಡಿಗ್ರಿ ಏರಬೇಕಾದರೆ ಸುಮಾರು 435 ಯೂನಿಟ್ ಶಕ್ತಿ ಬೇಕು. ಸ್ಕಾಟ್ಲೆಂಡಿನ ಚಳಿಯಲ್ಲಿ ಎಷ್ಟು ಡಿಗ್ರಿ ಏರಿಸಬೇಕೋ ನೀವೇ ಲೆಕ್ಕ ಹಾಕಿ. ಅದರ ಮೇಲೆ ಫಿಲ್ಟರ್, ಕ್ಲೋರಿನ್, ಕಾವಲು ಕಾಯುವ ಈಜುಗಾರರ ಸಂಬಳ, ಸೋರುವ ಹಳೇ ಸೂರು. ಆಟದ ಮೈದಾನ ಆದರೆ ಊರವರೇ ಹುಲ್ಲು ಕತ್ತರಿಸಿ ನಡೆಸಿಬಿಡಬಹುದು. ಈಜುಕೊಳ ಹಾಗಲ್ಲ, ಅದು ದಿನವೂ ದುಡ್ಡು ಕುಡಿಯುತ್ತೆ.

ಹಾಗಂತ ಆಗದ ಕೆಲಸವೂ ಅಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಜೆಸ್ಮಂಡ್‌ನಲ್ಲಿ 1991ರಲ್ಲಿ ಪಾಲಿಕೆ ಮುಚ್ಚಿದ ಕೊಳವನ್ನು ಮರುವರ್ಷವೇ ಸ್ಥಳೀಯರು ತೆರೆದರು. ನಡೆಸಿಯೂ ತೋರಿಸಿದರು. ಆದರೆ ಅಲ್ಲಿ ಬೀಗ ಬಿದ್ದಿದ್ದು ಒಂದೇ ವರ್ಷ ಅನ್ನೋದು ನೆನಪಿರಲಿ. ಖಾಲಿ ಬಿಟ್ಟ ಕಟ್ಟಡ ಪ್ರತಿ ಮಳೆಗಾಲಕ್ಕೂ ಇನ್ನಷ್ಟು ದುಬಾರಿ ಆಗುತ್ತಾ ಹೋಗುತ್ತೆ.

2015ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಸಮುದಾಯ ಸಬಲೀಕರಣ ಕಾಯ್ದೆ ತಂದಿತು. ಸರ್ಕಾರಿ ಕಟ್ಟಡವನ್ನು ನಮಗೆ ಕೊಡಿ ಅಂತ ಸ್ಥಳೀಯ ಸಂಘಟನೆ ಅರ್ಜಿ ಹಾಕಬಹುದು, ಸರಿಯಾದ ಕಾರಣ ಇಲ್ಲದೆ ಇಲ್ಲ ಅನ್ನುವಂತಿಲ್ಲ. ಕಾಯ್ದೆ ಒಳ್ಳೇದೇ, ನನ್ನ ತಕರಾರಿಲ್ಲ. ಆದರೆ ಸಬಲೀಕರಣ ಅನ್ನೋ ಪದ ಕೇಳಿದಾಗ ನನಗೊಂದು ಅನುಮಾನ. ಪಾಲಿಕೆ ಕೀಲಿಕೈ ಕೊಡುವಾಗ ಬಾಯ್ಲರ್ ಬಿಲ್ಲನ್ನೂ ಅದರ ಜೊತೆಗೇ ದಾಟಿಸಿಬಿಡಬಹುದಲ್ಲ? ತೆರಿಗೆ ಕಟ್ಟಿದವರೇ ಈಗ ಸಂಜೆ ಹೊತ್ತು ಚಂದಾ ಎತ್ತಬೇಕು, ಸಂಬಳವಿಲ್ಲದೆ ದುಡಿಯಬೇಕು. 2001ರಲ್ಲಿ ಒಳಗೆ ಕೂತ ಗೋವನ್‌ಹಿಲ್ ಜನ ಕಟ್ಟಡ ನಮ್ಮ ಹೆಸರಿಗೆ ಬರೆದುಕೊಡಿ ಅಂತ ಧರಣಿ ಶುರುಮಾಡಿದ್ದಲ್ಲ. ಬಾಗಿಲು ಮುಚ್ಚಬೇಡಿ ಅಂದಿದ್ದರು, ಅಷ್ಟೆ.