‘ನೆವರ್ ಹ್ಯಾವ್ ಐ ಎವರ್’: ಕಿರಿಯರು ನೋಡಬಹುದೇ?

ಅಮೆರಿಕದ ಹೈಸ್ಕೂಲಿನಲ್ಲಿ ಓದುವ ತಮಿಳು ಮೂಲದ ಹುಡುಗಿಯೊಬ್ಬಳ ಕಥೆ ಹೇಳುವ ಹಾಸ್ಯ ಧಾರಾವಾಹಿ ‘ನೆವರ್ ಹ್ಯಾವ್ ಐ ಎವರ್’. ಮಿಂಡಿ ಕೇಲಿಂಗ್ ಮತ್ತು ಲ್ಯಾಂಗ್ ಫಿಶರ್ ರೂಪಿಸಿದ ಈ ಧಾರಾವಾಹಿ 2020ರ ಏಪ್ರಿಲ್ 27ರಂದು ನೆಟ್‌ಫ್ಲಿಕ್ಸ್‌ನಲ್ಲಿ ಆರಂಭವಾಗಿ, ನಾಲ್ಕು ಸೀಸನ್‌ಗಳ 40 ಕಂತುಗಳೊಂದಿಗೆ 2023ರ ಜೂನ್‌ನಲ್ಲಿ ಮುಕ್ತಾಯಗೊಂಡಿತು. ಗಣೇಶ ಪೂಜೆ, ಸೀರೆ, ಓದಿನ ಬಗ್ಗೆ ತಾಯಿಯ ಕಟ್ಟುನಿಟ್ಟು ಎಲ್ಲವೂ ಇಲ್ಲಿವೆ. ಈ ಪರಿಚಿತ ವಾತಾವರಣವನ್ನು ಕಂಡು, ಮನೆಮಂದಿಯೆಲ್ಲ ಒಟ್ಟಿಗೆ ನೋಡಬಹುದಾದ ಧಾರಾವಾಹಿಯೆಂದು ಪಾಲಕರು ಭಾವಿಸುವುದು ಸಹಜ. ಆದರೆ ಇದು ಮಕ್ಕಳಿಗಾಗಿ ನಿರ್ಮಿಸಿದ್ದಲ್ಲ, ಹದಿಹರೆಯದವರನ್ನು ಕುರಿತದ್ದು.

ಕಥಾವಸ್ತು

ಹದಿನೈದರ ಹರೆಯದ ದೇವಿ ವಿಶ್ವಕುಮಾರ್‌ಳ ತಂದೆ, ಮಗಳ ಸಂಗೀತ ಕಾರ್ಯಕ್ರಮ ನಡೆಯುತ್ತಿರುವಾಗಲೇ ಹೃದಯಾಘಾತದಿಂದ ನಿಧನ ಹೊಂದುತ್ತಾರೆ. ಆ ಆಘಾತಕ್ಕೆ ಕೆಲವು ತಿಂಗಳು ಆಕೆಯ ಕಾಲುಗಳ ಸ್ವಾಧೀನವೇ ತಪ್ಪುತ್ತದೆ. ಚೇತರಿಸಿಕೊಂಡ ದೇವಿ ದುಃಖವನ್ನು ಒಳಗೇ ಅದುಮಿಟ್ಟು, ಶಾಲೆಯಲ್ಲಿ ಜನಪ್ರಿಯಳಾಗಲು, ಪ್ರಿಯಕರನನ್ನು ಸಂಪಾದಿಸಲು ಹೊರಡುತ್ತಾಳೆ. ದೇವಿಯಾಗಿ ಕೆನಡಾದ ಮೈತ್ರೇಯಿ ರಾಮಕೃಷ್ಣನ್, ತಾಯಿ ನಳಿನಿಯಾಗಿ ಪೂರ್ಣಾ ಜಗನ್ನಾಥನ್ ನಟಿಸಿದ್ದಾರೆ.

ವಯೋಮಿತಿ

ಅಮೆರಿಕದಲ್ಲಿ ಇದಕ್ಕೆ ‘ಟಿವಿ-14’ ದರ್ಜೆ ನೀಡಲಾಗಿದೆ. ಹದಿನಾಲ್ಕು ವರ್ಷದೊಳಗಿನವರಿಗೆ ಅನುಚಿತವೆನಿಸಬಹುದಾದ ಅಂಶಗಳಿವೆ ಎಂಬುದು ಇದರ ಅರ್ಥ. ಮೊದಲ ಕಂತಿನಲ್ಲೇ ದೇವಿ ತಾನು ಮೆಚ್ಚಿದ ಸಹಪಾಠಿ ಪ್ಯಾಕ್ಸ್‌ಟನ್‌ನ ಎದುರು ನಿಂತು ದೈಹಿಕ ಸಂಬಂಧದ ಪ್ರಸ್ತಾಪವಿಡುತ್ತಾಳೆ. ಮದ್ಯ ಸೇವಿಸುವ ವಿದ್ಯಾರ್ಥಿಗಳ ಪಾರ್ಟಿಗಳೂ ಒರಟು ಮಾತುಗಳೂ ಉದ್ದಕ್ಕೂ ಬರುತ್ತವೆ. ಲೈಂಗಿಕ ವಿಷಯಗಳು ದೃಶ್ಯಗಳಿಗಿಂತ ಸಂಭಾಷಣೆಯಲ್ಲೇ ಹೆಚ್ಚು.

ನಗುವಿನ ಹಿಂದಿನ ತೊಡಕು

ಪಾಲಕರು ಮುಖ್ಯವಾಗಿ ಗಮನಿಸಬೇಕಾದದ್ದು ಇಂಥ ಮಾತುಗಳ ಎಣಿಕೆಯನ್ನಲ್ಲ. ಇಲ್ಲಿ ತಪ್ಪು ನಡೆಯುವಾಗ ನಗು ಉಕ್ಕುತ್ತದೆ. ಅದರ ಫಲ ಕಾಣಿಸಿಕೊಳ್ಳುವುದು ನಂತರ. ಪ್ಯಾಕ್ಸ್‌ಟನ್‌ನೊಂದಿಗೆ ನಡೆಯದ ಸಂಬಂಧ ನಡೆದಿದೆಯೆಂದು ಗೆಳತಿಯರು ನಂಬುವಂತೆ ದೇವಿ ಮಾಡುತ್ತಾಳೆ. ಆ ಸುಳ್ಳು ಹಲವರನ್ನು ನೋಯಿಸುವುದು ಮುಂದಿನ ಕಂತುಗಳಲ್ಲಿ. ಎರಡನೇ ಸೀಸನ್‌ನಲ್ಲಿ ಅಸೂಯೆಯಿಂದ, ಹೊಸ ಸಹಪಾಠಿ ಅನೀಸಾ ಊಟ ಬಿಟ್ಟು ಮೈ ಇಳಿಸುವ ಕಾಯಿಲೆಯವಳೆಂದು ಆಡಿದ ಮಾತು ಶಾಲೆಯಿಡೀ ಹಬ್ಬುತ್ತದೆ. ಆ ಹುಡುಗಿ ನಿಜಕ್ಕೂ ಅಂಥ ಕಾಯಿಲೆಯಿಂದ ನರಳಿದ್ದವಳು. ಬಿಡಿಬಿಡಿಯಾಗಿ ಕಂತು ನೋಡುವ ಹತ್ತು ವರ್ಷದ ಮಗುವಿಗೆ ನಗು ಮಾತ್ರ ದಕ್ಕಿ, ಪಶ್ಚಾತ್ತಾಪ ಕಾಣದೇ ಹೋಗಬಹುದು.

ಮೆಚ್ಚತಕ್ಕ ಅಂಶಗಳು

ದೇವಿ ಮನೋಚಿಕಿತ್ಸಕಿಯ ಬಳಿ ಹೋಗುವುದನ್ನು ಧಾರಾವಾಹಿ ನಾಚಿಕೆಯ ಸಂಗತಿಯಾಗಿ ತೋರಿಸುವುದಿಲ್ಲ. ಗೆಳತಿ ಫ್ಯಾಬಿಯೋಲಾ ತಾನು ಸಲಿಂಗಿಯೆಂದು ತಾಯಿಗೆ ತಿಳಿಸುವ ಪ್ರಸಂಗ ಸಹಾನುಭೂತಿಯಿಂದ ಮೂಡಿಬಂದಿದೆ. ಜಗಳವಾಡುತ್ತಲೇ ಬಂದ ತಾಯಿ–ಮಗಳು ಮೊದಲ ಸೀಸನ್‌ನ ಕೊನೆಯಲ್ಲಿ ಕಡಲತೀರಕ್ಕೆ ತೆರಳಿ ತಂದೆಯ ಚಿತಾಭಸ್ಮ ವಿಸರ್ಜಿಸುವ ದೃಶ್ಯ ಹೃದಯಸ್ಪರ್ಶಿ. ಆದರೆ ಸಾವಿನ ನೆನಪು ಪದೇ ಪದೇ ಮರುಕಳಿಸುವುದರಿಂದ, ಇತ್ತೀಚೆಗೆ ಆಪ್ತರನ್ನು ಕಳೆದುಕೊಂಡ ಮಕ್ಕಳ ವಿಷಯದಲ್ಲಿ, ವಯಸ್ಸು ಎಷ್ಟೇ ಇರಲಿ, ಎಚ್ಚರ ಅಗತ್ಯ.

ಪಾಲಕರಿಗೆ ಲಭ್ಯ ಸಾಧನಗಳು

ಭಾರತದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿ ಕಾರ್ಯಕ್ರಮಗಳನ್ನು ಯು, ಯು/ಎ 7+, ಯು/ಎ 13+, ಯು/ಎ 16+ ಹಾಗೂ ಎ ಎಂದು ಐದು ದರ್ಜೆಗಳಾಗಿ ವಿಂಗಡಿಸಬೇಕು. ಯು/ಎ 13+ ಹಾಗೂ ಮೇಲಿನ ದರ್ಜೆಗಳಿಗೆ ಪಾಲಕರು ಬೀಗ ಹಾಕುವ ವ್ಯವಸ್ಥೆ ಕಡ್ಡಾಯ. ನೆಟ್‌ಫ್ಲಿಕ್ಸ್‌ನಲ್ಲಿ ಮಗುವಿಗೆ ಪ್ರತ್ಯೇಕ ಪ್ರೊಫೈಲ್ ತೆರೆದು ವಯೋಮಿತಿ ನಿಗದಿಪಡಿಸಬಹುದು. ದೊಡ್ಡವರ ಪ್ರೊಫೈಲ್‌ಗೆ ಪಿನ್ ಹಾಕಬಹುದು.

ಒಟ್ಟಾರೆಯಾಗಿ, ಹನ್ನೆರಡರವರೆಗಿನ ಮಕ್ಕಳಿಗೆ ಈ ಧಾರಾವಾಹಿ ಸೂಕ್ತವಲ್ಲ. ಹದಿಮೂರು–ಹದಿನಾಲ್ಕರ ಮಕ್ಕಳು ಹಿರಿಯರೊಂದಿಗೆ, ಕಂತುಗಳನ್ನು ಬಿಡದೆ ಅನುಕ್ರಮವಾಗಿ ನೋಡುವುದು ಲೇಸು. ದೇವಿಯ ಸುಳ್ಳಿನಿಂದ ಯಾರಿಗೆ ನೋವಾಯಿತು ಎಂಬ ಒಂದು ಪ್ರಶ್ನೆ ಸಾಕು, ಮನೆಯಲ್ಲಿ ಮಾತುಕತೆ ಆರಂಭಿಸಲು.