ಮಂಡ್ಯ ಸೀಮೆಯ ಬಸದಿಗಳೂ ಶ್ರಾವಕ ಮನೆಗಳೂ

ಮಂಡ್ಯ ಜಿಲ್ಲೆಯಲ್ಲಿ ಜೈನಧರ್ಮದ ಹಳಮೆಗೆ ಕಲ್ಲುಗಳು ಇಂದಿಗೂ ಸಾಕ್ಷಿ ನುಡಿಯುತ್ತವೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಆ ಹೆಸರು ಬಂದುದೇ ಅಲ್ಲಿನ ಎತ್ತರವಾದ ಕಂಬದಿಂದ. ಅಲ್ಲಿನ ಪಂಚಕೂಟ ಬಸದಿ ಗಂಗರ ಕಾಲದ್ದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ದತ್ತಿಯನ್ನು 1118ರ ಶಾಸನವೊಂದು ಅಲ್ಲಿಯೇ ಹೇಳುತ್ತದೆ. ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಗುಡ್ಡವನ್ನು ಸುತ್ತಲ ಜನ ‘ಸವಣಪ್ಪನ ಗುಡ್ಡ’ ಎನ್ನುತ್ತಾರೆ. ಸವಣನೆಂದರೆ ಶ್ರಮಣ. ಕೃಷ್ಣರಾಜಸಾಗರದ ಹಿನ್ನೀರಿನ ಬಳಿಯ ಬಸ್ತಿಹೊಸಕೋಟೆಯಲ್ಲಿ ಬಸದಿಯು ಊರಿನ ಹೆಸರಿನಲ್ಲಿಯೇ ಸೇರಿದೆ. ಶ್ರಾವಕರ ಮನೆಗಳು ವಿರಳವಾದ ಮೇಲೂ ಒಕ್ಕಲು ಮಕ್ಕಳ ಬಾಯಲ್ಲಿ ಈ ಮಾತುಗಳು ಉಳಿದುಬಂದಿರುವುದು ಸಾಮಾನ್ಯ ಸಂಗತಿಯಲ್ಲ.

ಹಿಂದೆ ಬಸದಿಯ ನಿತ್ಯಪೂಜೆಗೆ ಆಧಾರವಾಗಿದ್ದುದು ದತ್ತಿಯ ಭೂಮಿ. ಭೂಮಿ ಇದ್ದಲ್ಲಿ ಪುರೋಹಿತರಿದ್ದರು. ಪುರೋಹಿತರಿದ್ದಲ್ಲಿ ನಾಲ್ಕಾರು ಶ್ರಾವಕ ಮನೆಗಳು ನೆಲೆ ನಿಂತವು. 1955ರ ಇನಾಮು ರದ್ದತಿ ಕಾಯಿದೆ ಹಾಗೂ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಗಳಿಂದ ಈ ಕೊಂಡಿ ಕಳಚಿತು. ಉಳುವವನಿಗೆ ಭೂಮಿ ದೊರೆತುದು ನ್ಯಾಯವೇ ಸರಿ. ಆದರೆ ಅದರ ಬದಲಿಗೆ ಬಂದ ತಸ್ತೀಕಿನ ಹಣ ದೀಪದ ಎಣ್ಣೆಗೂ ಸಾಲದಾಯಿತು.

ಇದಕ್ಕೂ ಮೊದಲೇ ಮನೆಗಳ ಚಲನೆ ಆರಂಭವಾಗಿತ್ತು. ಕನ್ನಂಬಾಡಿ ಕಟ್ಟೆಯ ನಾಲೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದಾಗ, ಹಳ್ಳಿಯ ವರ್ತಕರು ಪೇಟೆಯತ್ತ ಮುಖ ಮಾಡಿದರು. ಅದು ದೂರದ ವಲಸೆಯಲ್ಲ. ಹಬ್ಬ ನೋಂಪಿಗಳಿಗೆ ಸಂಜೆಯೊಳಗೆ ಹಳ್ಳಿ ಸೇರಬಹುದಿತ್ತು. ಮುಂದಿನ ತಲೆಮಾರು ಓದಲೆಂದು ಬೆಂಗಳೂರು ಮೈಸೂರುಗಳಿಗೆ ಹೋಯಿತು. ಓದಿದ ಮಗ ಅಲ್ಲಿಯೇ ಉದ್ಯೋಗ ಹಿಡಿದನು, ಸೊಸೆಯೂ ಉದ್ಯೋಗಸ್ಥೆಯಾದಳು, ಮೊಮ್ಮಕ್ಕಳು ಅಲ್ಲಿನ ಶಾಲೆ ಸೇರಿದರು. ಹದಿನೈದು ಜನರ ಪಂಕ್ತಿ ಕೂಡುತ್ತಿದ್ದ ತೊಟ್ಟಿಯ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಉಳಿದರು.

ಇದು ಜೈನರೊಬ್ಬರ ಕಥೆಯಲ್ಲ. 2001ರಲ್ಲಿ 17,63,705 ಇದ್ದ ಜಿಲ್ಲೆಯ ಜನಸಂಖ್ಯೆ 2011ಕ್ಕೆ 18,05,769 ಆಯಿತು. ಹತ್ತು ವರ್ಷಗಳ ಬೆಳವಣಿಗೆ ನೂರಕ್ಕೆ ಎರಡೂವರೆಯನ್ನೂ ಮುಟ್ಟಲಿಲ್ಲ. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ ನೂರಕ್ಕೆ ನಲವತ್ತೇಳರಷ್ಟು ಬೆಳೆಯಿತು. ಆದರೆ ಮುನ್ನೂರು ಮನೆಗಳ ಸಮಾಜದಿಂದ ಮೂವತ್ತು ಮನೆ ಹೋದರೆ ಊರು ಊರಾಗಿಯೇ ಉಳಿಯುತ್ತದೆ. ಹತ್ತು ಮನೆಗಳಲ್ಲಿ ಆರು ಹೋದರೆ ಅಷ್ಟಾಹ್ನಿಕದ ಪೂಜೆಗೆ ಕಳಶ ಹಿಡಿಯುವವರೇ ಇಲ್ಲವಾಗುತ್ತಾರೆ.

ಜನಗಣತಿಯ ಅಂಕಿ ಈ ವ್ಯತ್ಯಾಸವನ್ನು ತೋರುವುದಿಲ್ಲ. ಪೇಟೆಬೀದಿಗಳಲ್ಲಿ ರಾಜಸ್ಥಾನ ಮೂಲದ ಶ್ವೇತಾಂಬರ ಬಂಧುಗಳು ಬಂದು ನೆಲೆಸಿ, ವ್ಯಾಪಾರದಲ್ಲಿ ಏಳಿಗೆ ಹೊಂದಿ, ತಮ್ಮ ಮಂದಿರಗಳನ್ನು ಕಟ್ಟಿಕೊಂಡಿದ್ದಾರೆ. ಸಂತೋಷದ ವಿಷಯವೇ. ಹಾಗೆಂದು ಹಳ್ಳಿಯ ದಿಗಂಬರ ಬಸದಿಯ ಬಾಗಿಲು ಅದರಿಂದ ತೆರೆಯದು.

2023ರ ಮಾರ್ಚಿಯಲ್ಲಿ ಬೆಂಗಳೂರು-ಮೈಸೂರು ದಶಪಥ ರಸ್ತೆ ಉದ್ಘಾಟನೆಯಾಯಿತು. ಅದು ಮದ್ದೂರು, ಮಂಡ್ಯ ಪೇಟೆಗಳನ್ನು ಹೊರಗಿಟ್ಟು ಸಾಗುವುದರಿಂದ ಹಳೆಯ ರಸ್ತೆಯ ಅಂಗಡಿಗಳ ವಹಿವಾಟಿಗೆ ಪೆಟ್ಟು ಬಿದ್ದಿತು. ನಗರದ ಹಣವಂತರು ಜಮೀನು ಕೊಂಡು ಕಟ್ಟಿದ ತೋಟದ ಮನೆಗಳಲ್ಲಿ ದೀಪ ಕಾಣುವುದು ಶನಿವಾರ ಭಾನುವಾರಗಳಲ್ಲಿ. ಬೆಲೆ ಏರಿದ ಮೇಲೆ ಹಿರಿಯರ ಮನೆಯನ್ನು ಮಾರದೆ ಉಳಿಸಿಕೊಳ್ಳುವುದು ಅಣ್ಣತಮ್ಮಂದಿರ ಪಾಲಿನ ನಡುವೆ ಕಷ್ಟವಾಗಿದೆ.

ಅದೇ ರಸ್ತೆಯಲ್ಲಿ ಪ್ರತಿಷ್ಠಾ ಮಹೋತ್ಸವಗಳಿಗೆ ಭಕ್ತಾದಿಗಳು ಕುಟುಂಬ ಸಮೇತ ಬರುತ್ತಾರೆ, ಶಾಶ್ವತ ಪೂಜಾ ನಿಧಿಗೆ ಕೈಬಿಚ್ಚಿ ಕೊಡುತ್ತಾರೆ. ನಿಧಿಯ ಬಡ್ಡಿಯಿಂದ ಹಾಲು, ಗಂಧ, ಅಕ್ಷತೆಗಳು ಒದಗುತ್ತವೆ. ಪ್ರತಿದಿನ ಬೆಳಿಗ್ಗೆ ಬೀಗ ತೆರೆದು ಅಭಿಷೇಕ ಮಾಡಬೇಕಾದವರು ಪುರೋಹಿತರು. ಅವರ ಮಕ್ಕಳೂ ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾರೆ.