ಕಬ್ಬು ಸಾಗಣೆ ಟ್ರ್ಯಾಕ್ಟರ್‌ಗಳ ವಿದ್ಯುತ್ ದೋಷಪತ್ತೆ

ಕಬ್ಬು ಸಾಗಣೆ ಟ್ರ್ಯಾಕ್ಟರ್‌ಗಳ ವಿದ್ಯುತ್ ದೋಷಪತ್ತೆ ಎಂದರೆ, ಕಬ್ಬು ತುಂಬಿದ ಟ್ರೇಲರ್‌ಗಳನ್ನು ಎಳೆಯುವ ಟ್ರ್ಯಾಕ್ಟರ್‌ನ ಬ್ಯಾಟರಿ, ಆಲ್ಟರ್ನೇಟರ್, ಸ್ಟಾರ್ಟರ್ ಮೋಟಾರ್ ಮತ್ತು ದೀಪಗಳಲ್ಲಿ ಪ್ರಯಾಣದ ನಡುವೆ ಉಂಟಾಗುವ ದೋಷಗಳನ್ನು ಗುರುತಿಸಿ ಸರಿಪಡಿಸುವ ಕ್ರಮ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಇಲ್ಲಿನ ಟ್ರ್ಯಾಕ್ಟರ್‌ಗಳು ಹಗಲಿರುಳೂ ಸಂಚರಿಸುತ್ತವೆ. ರಾತ್ರಿಯ ವೇಳೆ ಟ್ರೇಲರ್‌ನ ಹಿಂಬದಿ ದೀಪ ಕೆಟ್ಟರೆ ಹಿಂದಿನಿಂದ ಬರುವವರ ಪ್ರಾಣಕ್ಕೇ ಅಪಾಯವಾಗುತ್ತದೆ.

ಹಿನ್ನೆಲೆ

ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ನೀರಾವರಿಯಿಂದಾಗಿ ಈ ಭಾಗದಲ್ಲಿ ಕಬ್ಬು ಪ್ರಮುಖ ಬೆಳೆಯಾಗಿದೆ. ಉಗಾರ ಖುರ್ದದಲ್ಲಿರುವ, 1939ರಲ್ಲಿ ಸ್ಥಾಪನೆಯಾದ ಉಗಾರ್ ಶುಗರ್ ವರ್ಕ್ಸ್, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಸಕ್ಕರೆ ಕಾರ್ಖಾನೆ ಮತ್ತು ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಸಕ್ಕರೆ ಕಾರ್ಖಾನೆ ಇಲ್ಲಿನ ಪರಿಚಿತ ಕಾರ್ಖಾನೆಗಳಲ್ಲಿ ಕೆಲವು. ಗಡಿಯಾಚೆ ಮಹಾರಾಷ್ಟ್ರದ ಕಾಗಲ್, ಶಿರೋಳ ಮತ್ತು ಮಿರಜ್ ಪ್ರದೇಶಗಳಲ್ಲೂ ಕಬ್ಬಿನ ಕೃಷಿ ವ್ಯಾಪಕವಾಗಿದೆ. ನಿಪ್ಪಾಣಿಯಿಂದ ಕಾಗಲ್ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48 (ಹಿಂದಿನ ಹೆದ್ದಾರಿ 4) ಹಾಗೂ ಅಥಣಿಯಿಂದ ಕಾಗವಾಡದ ಮೂಲಕ ಮಿರಜ್ ತಲುಪುವ ರಸ್ತೆಗಳು ಎರಡೂ ರಾಜ್ಯಗಳನ್ನು ಜೋಡಿಸುತ್ತವೆ.

ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್ ತಿಂಗಳಲ್ಲಿ ಆರಂಭವಾಗಿ ಮಾರ್ಚ್–ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಬೀಡ್ ಮೊದಲಾದ ಜಿಲ್ಲೆಗಳಿಂದ ಬರುವ ಕಬ್ಬು ಕಟಾವಿನ ಗ್ಯಾಂಗ್‌ಗಳ ಕುಟುಂಬಗಳು ಪಾತ್ರೆ-ಪಗಡಿ, ಮಕ್ಕಳು-ಮರಿ ಸಮೇತ ಇದೇ ಟ್ರೇಲರ್‌ಗಳಲ್ಲಿ ಪ್ರಯಾಣ ಮಾಡುತ್ತವೆ. ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಚಾಲಕರು ಇಡೀ ರಾತ್ರಿ ಕಾಯುವುದೂ ಉಂಟು. ಆಗ ಮೊಬೈಲ್ ಚಾರ್ಜು, ಸಣ್ಣ ದೀಪ, ಹಾಡಿನ ಪೆಟ್ಟಿಗೆ ಇವೆಲ್ಲಕ್ಕೂ ಟ್ರ್ಯಾಕ್ಟರ್‌ನ ಬ್ಯಾಟರಿಯೇ ಆಧಾರ. ಈ ದೃಷ್ಟಿಯಿಂದ ಕಬ್ಬಿನ ಟ್ರ್ಯಾಕ್ಟರ್ ಹಂಗಾಮಿನ ಮಟ್ಟಿಗೆ ಒಂದು ಸಂಚಾರಿ ಮನೆಯೇ ಆಗಿದೆ. ವಿದೇಶಗಳಲ್ಲಿ ಬಳಕೆಯಲ್ಲಿರುವ ಕ್ಯಾರವಾನ್ ವಾಹನಗಳಲ್ಲಿ ಕಂಡುಬರುವ ವಿದ್ಯುತ್ ದೋಷಗಳಲ್ಲಿ ಹೆಚ್ಚಿನವು ಇಲ್ಲಿಯೂ ಕಾಣಿಸಿಕೊಳ್ಳುತ್ತವೆ.

ವಿದ್ಯುತ್ ವ್ಯವಸ್ಥೆಯ ರಚನೆ

ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ಅದರಲ್ಲಿ 6 ಕೋಶಗಳಿದ್ದು, ಪ್ರತಿಯೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಬ್ಯಾಟರಿಯ ಋಣ ತುದಿಯನ್ನು ವಾಹನದ ಲೋಹದ ಚೌಕಟ್ಟಿಗೆ ಜೋಡಿಸಿರುತ್ತಾರೆ. ಇದನ್ನು ಆಡುಮಾತಿನಲ್ಲಿ ‘ಅರ್ಥ್’ ಎನ್ನುತ್ತಾರೆ. ಎಂಜಿನ್ ತಿರುಗುವಾಗ ಆಲ್ಟರ್ನೇಟರ್ ಬ್ಯಾಟರಿಯನ್ನು ತುಂಬಿಸುತ್ತದೆ. ಹಳೆಯ ಚಾಲಕರು ಇದನ್ನು ಇಂದಿಗೂ ‘ಡೈನಮೊ’ ಎಂದೇ ಕರೆಯುವುದುಂಟು. ಹಲವು ಟ್ರ್ಯಾಕ್ಟರ್‌ಗಳಲ್ಲಿ ಅದರ ಸಾಮರ್ಥ್ಯ ಸುಮಾರು 36ರಿಂದ 42 ಆಂಪಿಯರ್ ಮಾತ್ರ.

ಟ್ರೇಲರ್‌ನ ದೀಪಗಳಿಗೆ 7 ಪಿನ್ನಿನ ಸಾಕೆಟ್ ಮೂಲಕ ವಿದ್ಯುತ್ ಹರಿಯುತ್ತದೆ. ಐಎಸ್‌ಒ 1724 ಮಾನದಂಡದ ಪ್ರಕಾರ ಪಿನ್‌ಗಳ ಹಂಚಿಕೆ ಹೀಗಿದೆ:

1 – ಎಡ ತಿರುವಿನ ದೀಪ
2 – ಹಿಂಬದಿಯ ಮಂಜಿನ ದೀಪ
3 – ಅರ್ಥ್
4 – ಬಲ ತಿರುವಿನ ದೀಪ
5 – ಬಲ ಹಿಂಬದಿ ದೀಪ
6 – ಬ್ರೇಕ್ ದೀಪ
7 – ಎಡ ಹಿಂಬದಿ ದೀಪ

ಊರಿನಲ್ಲಿ ಕೈಯಾರೆ ಮಾಡಿದ ವೈರಿಂಗ್ ಈ ಕ್ರಮವನ್ನು ಅನುಸರಿಸಿರಲೇಬೇಕೆಂದಿಲ್ಲ. ಬೇರೊಬ್ಬರ ಟ್ರೇಲರ್ ಜೋಡಿಸುವಾಗ ತಂತಿಯ ಬಣ್ಣವನ್ನು ನಂಬದೆ, ಪ್ರತಿ ಪಿನ್ನನ್ನೂ ಟೆಸ್ಟ್ ಲ್ಯಾಂಪ್‌ನಿಂದ ಪರೀಕ್ಷಿಸುವುದು ಉತ್ತಮ.

ಹಿಂಬದಿ ದೀಪದ ಮಹತ್ವ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೆಯ ನಿಯಮದಂತೆ, ಸೂರ್ಯಾಸ್ತವಾದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನವರೆಗೆ ವಾಹನದ ದೀಪಗಳು ಉರಿಯುತ್ತಿರಬೇಕು. ಹಿಂಬದಿಯ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಿಸಬೇಕು. ಈ ನಿಯಮಗಳು ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡಕ್ಕೂ ಅನ್ವಯಿಸುತ್ತವೆ. ಆದ್ದರಿಂದ ಗಡಿ ದಾಟಿದ ಮಾತ್ರಕ್ಕೆ ಹೊಣೆ ಬದಲಾಗುವುದಿಲ್ಲ.

ಈ ಅಂತರದ ಅರ್ಥವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಚಲಿಸುತ್ತದೆ. ಅಡ್ಡಿಯನ್ನು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಬೇಕೆಂದರೆ, ಅಷ್ಟರಲ್ಲೇ 33 ಮೀಟರ್ ಕಳೆದುಹೋಗಿರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಇನ್ನೂ 40 ಮೀಟರಿನಷ್ಟು ಬೇಕು. ಡಿಮ್ ಬೆಳಕಿನಲ್ಲಿ ದೀಪವಿಲ್ಲದ ಟ್ರೇಲರ್ ಕಣ್ಣಿಗೆ ಬೀಳುವುದು ಸರಿಸುಮಾರು ಇದಕ್ಕಿಂತ ಕಡಿಮೆ ದೂರದಲ್ಲಿ. ಅಂದರೆ ಚಾಲಕ ಎಷ್ಟೇ ಎಚ್ಚರವಾಗಿದ್ದರೂ ವಾಹನ ನಿಲ್ಲಿಸಲು ಸ್ಥಳವಿರುವುದಿಲ್ಲ. 155 ಮೀಟರ್ ದೂರದಿಂದಲೇ ಕೆಂಪು ದೀಪ ಕಂಡರೆ ಅವನಿಗೆ 7 ಸೆಕೆಂಡುಗಳು ದೊರೆಯುತ್ತವೆ.

ದೀಪ ಉರಿಯುತ್ತಿದ್ದರೂ ಸಾಲದು. ಟ್ರೇಲರ್‌ನ ಹಿಂಬದಿಯಿಂದ ಹೊರಚಾಚಿದ ಕಬ್ಬು ಮತ್ತು ಜೋತುಬಿದ್ದ ರವದಿ (ಒಣ ಗರಿ) ದೀಪವನ್ನು ಮರೆಮಾಡುತ್ತವೆ. ಆದ್ದರಿಂದ ಕಬ್ಬು ತುಂಬಿದ ಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡುವುದೇ ಮೊದಲ ಪರೀಕ್ಷೆ.

ಸಾಮಾನ್ಯ ದೋಷಗಳು

ಸಡಿಲ ಅಥವಾ ತುಕ್ಕು ಹಿಡಿದ ಅರ್ಥ್: ಟ್ರೇಲರ್ ದೀಪಗಳ ದೋಷಗಳಲ್ಲಿ ಇದು ಬಹು ಸಾಮಾನ್ಯ. ಪ್ರತ್ಯೇಕ ಅರ್ಥ್ ತಂತಿ ಇಲ್ಲದಿದ್ದರೆ ವಿದ್ಯುತ್ತು ಕೊಂಡಿಯ ಪಿನ್ನಿನ ಮೂಲಕವೇ ಹಿಂದಿರುಗಬೇಕು. ಅಲ್ಲಿ ಗ್ರೀಸು, ಮಣ್ಣು ಮತ್ತು ತುಕ್ಕು ಸೇರಿರುತ್ತವೆ. ಟ್ರ್ಯಾಕ್ಟರ್ ಎಳೆಯುವಾಗ ದೀಪ ಹೊತ್ತಿ, ಕೊಂಡಿ ಸಡಿಲವಾದಾಗ ಮಂಕಾಗುವುದು ಅದರ ಲಕ್ಷಣ. ತಿರುವಿನ ದೀಪ ಹಾಕಿದಾಗ ಹಿಂಬದಿ ದೀಪವೂ ಮಿಣುಕಿದರೆ ಅರ್ಥ್ ಕೆಟ್ಟಿದೆಯೆಂದೇ ಶಂಕಿಸಬೇಕು.

ತೆಳು ತಂತಿ: ಎರಡು ಟ್ರೇಲರ್ ಜೋಡಿಸಿದಾಗ ಕೊನೆಯ ದೀಪ ಸುಮಾರು 15 ಮೀಟರ್ ದೂರದಲ್ಲಿರುತ್ತದೆ ಎಂದಿಟ್ಟುಕೊಳ್ಳೋಣ. ಹೋಗುವ ಮತ್ತು ಬರುವ ದಾರಿ ಸೇರಿ 30 ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಇದರ ರೋಧ ಸುಮಾರು 0.36 ಓಮ್. 21 ವ್ಯಾಟ್‌ನ ನಾಲ್ಕು ಬ್ರೇಕ್ ದೀಪಗಳು 7 ಆಂಪಿಯರ್ ಎಳೆಯುತ್ತವೆ. ಅವೆಲ್ಲವೂ ತುದಿಯಲ್ಲಿವೆ ಎಂದು ಭಾವಿಸಿದರೆ ಎರಡೂವರೆ ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. ತಂತುವಿನ ಬಲ್ಬಿಗೆ ವೋಲ್ಟೇಜ್ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. 2.5 ಚದರ ಮಿಲಿಮೀಟರ್ ತಂತಿ ಅಥವಾ ಕಡಿಮೆ ವಿದ್ಯುತ್ ಬಳಸುವ ಎಲ್‌ಇಡಿ ದೀಪಗಳು ಇದಕ್ಕೆ ಪರಿಹಾರ.

ಫ್ಯೂಸ್ ಹೋಗುವುದು: ಕಬ್ಬಿನ ಸಿಪ್ಪೆಗೆ, ಕಬ್ಬಿಣದ ಅಂಚಿಗೆ ಉಜ್ಜಿ ತಂತಿಯ ಹೊದಿಕೆ ಹರಿದಾಗ ಶಾರ್ಟ್ ಆಗುತ್ತದೆ. ಕಾರಣ ಹುಡುಕದೆ ಫ್ಯೂಸಿನ ಜಾಗಕ್ಕೆ ದಪ್ಪ ತಂತಿಯನ್ನೋ ಸಿಗರೇಟು ಪೊಟ್ಟಣದ ಬೆಳ್ಳಿ ಹಾಳೆಯನ್ನೋ ಹಾಕುವುದು ಅಪಾಯಕರ. ಆಗ ಫ್ಯೂಸಿನ ಬದಲು ತಂತಿಯೇ ಕಾದು, ಒಣ ರವದಿಗೆ ಬೆಂಕಿ ತಗಲಬಹುದು.

ಬ್ಯಾಟರಿ ಬರಿದಾಗುವುದು: 200 ವ್ಯಾಟ್ ಎಳೆಯುವ ಧ್ವನಿವರ್ಧಕ ಸುಮಾರು 17 ಆಂಪಿಯರ್ ಬಳಸುತ್ತದೆ. ಎಂಜಿನ್ ಬಂದ್ ಮಾಡಿ ಮೂರು ಗಂಟೆ ಹಾಡು ಹಾಕಿದರೆ 51 ಆಂಪಿಯರ್-ಗಂಟೆ ಖರ್ಚಾಗಿ, 88 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಬರಿದಾಗುತ್ತದೆ. ಕ್ಯಾರವಾನ್‌ಗಳಲ್ಲಿ ಎಂಜಿನ್ ಚಾಲನೆಗೊಂದು, ವಾಸದ ಬಳಕೆಗೊಂದು ಎಂದು ಬ್ಯಾಟರಿಗಳು ಬೇರೆಬೇರೆಯಾಗಿರುವುದು ಇದೇ ಕಾರಣಕ್ಕೆ.

ದೋಷಪತ್ತೆಯ ಕ್ರಮ

ಮಲ್ಟಿಮೀಟರ್ ಅಥವಾ 12 ವೋಲ್ಟ್‌ನ ಟೆಸ್ಟ್ ಲ್ಯಾಂಪ್ ಇದ್ದರೆ ಹೆಚ್ಚಿನ ದೋಷಗಳನ್ನು ರಸ್ತೆಯ ಬದಿಯಲ್ಲೇ ಪತ್ತೆಮಾಡಬಹುದು.

1. ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳಾದ ಮೇಲೆ ಬ್ಯಾಟರಿಯ ವೋಲ್ಟೇಜ್ ನೋಡಬೇಕು. 12.6 ಅಥವಾ ಹೆಚ್ಚಿದ್ದರೆ ಪೂರ್ಣ, 12.2 ಇದ್ದರೆ ಸುಮಾರು ಅರ್ಧ, 11.8ಕ್ಕಿಂತ ಕಡಿಮೆಯಿದ್ದರೆ ಬರಿದು ಎಂದು ತಿಳಿಯಬೇಕು.
2. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲವಾಗಿದೆ. ವೋಲ್ಟೇಜ್ ಚೆನ್ನಾಗಿದ್ದರೂ ‘ಸೆಲ್ಫ್’ ತಿರುಗದಿದ್ದರೆ ಬ್ಯಾಟರಿ ತುದಿಗಳು, ಅರ್ಥ್ ಪಟ್ಟಿ ಹಾಗೂ ಸೊಲೆನಾಯ್ಡ್ ಪರೀಕ್ಷಿಸಬೇಕು.
3. ಎಂಜಿನ್ ತಿರುಗುವಾಗ 13.8ರಿಂದ 14.4 ವೋಲ್ಟ್ ಇರಬೇಕು. ಏರಿಕೆಯೇ ಇಲ್ಲದಿದ್ದರೆ ಆಲ್ಟರ್ನೇಟರ್‌ನ ಬೆಲ್ಟ್ ಮತ್ತು ತಂತಿಗಳನ್ನು ನೋಡಬೇಕು. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಬೇಗ ಆರುವುದೂ ಇದರ ಸೂಚನೆ.
4. ಟ್ರೇಲರ್ ದೀಪ ಉರಿಯದಿದ್ದರೆ ಕ್ರಮವಾಗಿ ಬಲ್ಬು, ಫ್ಯೂಸ್, ಟ್ರ್ಯಾಕ್ಟರ್ ಬದಿಯ ಸಾಕೆಟ್, ಪ್ಲಗ್, ತಂತಿ ಹೀಗೆ ಮುಂದುವರಿಯಬೇಕು. ಸಾಕೆಟ್‌ನಲ್ಲಿ ವಿದ್ಯುತ್ ಇದ್ದರೆ ದೋಷ ಟ್ರೇಲರ್‌ನಲ್ಲಿದೆ; ಇಲ್ಲದಿದ್ದರೆ ಟ್ರ್ಯಾಕ್ಟರ್‌ನಲ್ಲಿದೆ. ಈ ಒಂದೇ ಪರೀಕ್ಷೆಯಿಂದ ಹುಡುಕಾಟ ಅರ್ಧವಾಗುತ್ತದೆ.
5. ದೀಪ ಮಂಕಾಗಿದ್ದರೆ, ಅದು ಉರಿಯುತ್ತಿರುವಾಗಲೇ ದೀಪದ ಅರ್ಥ್ ತುದಿ ಮತ್ತು ಬ್ಯಾಟರಿಯ ಋಣ ತುದಿಗಳ ನಡುವೆ ಅಳೆಯಬೇಕು. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ಥ್ ದಾರಿಯಲ್ಲಿ ದೋಷವಿದೆ.

ದಾರಿಯಲ್ಲಿ ತಾತ್ಕಾಲಿಕ ಪರಿಹಾರ

ಯಾಂತ್ರಿಕ ಇಂಧನ ಪಂಪ್ ಇರುವ ಡೀಸೆಲ್ ಎಂಜಿನ್ ಒಮ್ಮೆ ಚಾಲೂ ಆದರೆ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ಆದ್ದರಿಂದ ಆಲ್ಟರ್ನೇಟರ್ ಕೆಟ್ಟರೂ ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ದೀಪಗಳು ಮಾತ್ರ ನಿಧಾನವಾಗಿ ಮಂಕಾಗುತ್ತವೆ. ಎಲ್ಲ ದೀಪಗಳೂ ಸೇರಿ 12 ಆಂಪಿಯರ್ ಬಳಸಿದರೆ, 88 ಆಂಪಿಯರ್-ಗಂಟೆ ಬ್ಯಾಟರಿಯ ಅರ್ಧ ಭಾಗ ಸುಮಾರು ಮೂರೂವರೆ ಗಂಟೆಗಳಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಕಾರ್ಖಾನೆಯನ್ನೋ ಸುರಕ್ಷಿತ ಸ್ಥಳವನ್ನೋ ಸೇರಬೇಕು. ಎಂಜಿನ್ ತಿರುಗುತ್ತಿರುವಾಗ ಬ್ಯಾಟರಿಯ ತಂತಿ ಬಿಚ್ಚಬಾರದು. ಆಲ್ಟರ್ನೇಟರ್‌ನ ಡಯೋಡ್‌ಗಳು ಸುಟ್ಟುಹೋಗಬಹುದು.

ಅರ್ಥ್ ಕೆಟ್ಟಿದ್ದರೆ ಟ್ರ್ಯಾಕ್ಟರ್ ಚೌಕಟ್ಟಿನಿಂದ ಟ್ರೇಲರ್ ಚೌಕಟ್ಟಿಗೆ ಪ್ರತ್ಯೇಕ ತಂತಿ ಎಳೆದು, ಬಣ್ಣ ಕೆರೆದ ಲೋಹಕ್ಕೆ ಬಿಗಿದರೆ ಸಾಕು. ಯಾವ ಉಪಾಯವೂ ಫಲಿಸದಿದ್ದರೆ ಬ್ಯಾಟರಿ ಟಾರ್ಚಿಗೆ ಕೆಂಪು ಹಾಳೆ ಕಟ್ಟಿ ಹಿಂಬದಿಗೆ ತೂಗುಹಾಕಬಹುದು. ಇದು ಕಾನೂನು ಬಯಸುವ ದೀಪಕ್ಕೆ ಬದಲಿಯಲ್ಲ. ರಸ್ತೆ ಬಿಟ್ಟು ಬದಿಯ ಹೊಲಕ್ಕೆ ಅಥವಾ ಪೆಟ್ರೋಲ್ ಬಂಕಿಗೆ ಸರಿಯುವವರೆಗಿನ ಆಸರೆ ಮಾತ್ರ. ಕೆಂಪು ಪ್ರತಿಫಲಕ ಪಟ್ಟಿಗಳಿಗೆ ವಿದ್ಯುತ್ ಬೇಕಿಲ್ಲವಾದ್ದರಿಂದ ಅವನ್ನು ಸದಾ ಅಂಟಿಸಿ, ಆಗಾಗ ಧೂಳು ಒರೆಸಿಡಬೇಕು.

ಮುನ್ನೆಚ್ಚರಿಕೆಗಳು

ಬ್ಯಾಟರಿ ಬಿಚ್ಚುವಾಗ ಮೊದಲು ಋಣ ತುದಿಯನ್ನು, ಜೋಡಿಸುವಾಗ ಅದನ್ನು ಕೊನೆಗೆ ಎಂಬುದು ನಿಯಮ. ಬ್ಯಾಟರಿ ತುಂಬುವಾಗ ಹೊಮ್ಮುವ ಜಲಜನಕ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು. ಇನ್ನೊಂದು ವಾಹನದ ಬ್ಯಾಟರಿಯಿಂದ ಚಾಲೂ ಮಾಡುವಾಗ ಧನ ತುದಿಗೆ ಧನ ತುದಿಯನ್ನು ಜೋಡಿಸಿ, ಋಣ ತಂತಿಯ ಕೊನೆಯನ್ನು ಬರಿದಾದ ಬ್ಯಾಟರಿಗಲ್ಲದೆ ಅದರಿಂದ ದೂರದ ಎಂಜಿನ್ ಲೋಹಕ್ಕೆ ಜೋಡಿಸಬೇಕು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುವುದುಂಟು. ಅದನ್ನು ಟ್ರ್ಯಾಕ್ಟರ್‌ಗೆ ನೇರವಾಗಿ ಕೊಡಬಾರದು.

ನೆಲದ ಮೇಲೆ ನಿಂತು ಸ್ಪ್ಯಾನರ್‌ನಿಂದ ಸ್ಟಾರ್ಟರ್ ತುದಿಗಳನ್ನು ಮುಟ್ಟಿಸಿ ಎಂಜಿನ್ ಚಾಲೂ ಮಾಡುವ ರೂಢಿ ಅತ್ಯಂತ ಅಪಾಯಕಾರಿ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ತಟ್ಟನೆ ಮುನ್ನುಗ್ಗಿ, ಪಕ್ಕದಲ್ಲಿ ನಿಂತವರ ಮೇಲೆ ದೊಡ್ಡ ಚಕ್ರ ಹರಿಯಬಹುದು. ಸೀಟಿನಲ್ಲಿ ಕುಳಿತು, ಗೇರು ತಟಸ್ಥದಲ್ಲಿಟ್ಟು ಮಾತ್ರ ಚಾಲನೆ ಮಾಡಬೇಕು. ತುಂಬಿದ ಟ್ರೇಲರ್ ಸಮೇತ ಇಳಿಜಾರಿನಲ್ಲಿ ಉರುಳಿಸಿ ಚಾಲೂ ಮಾಡುವುದೂ ಸಲ್ಲದು.

ಜೊತೆಗಿರಬೇಕಾದ ಸಾಮಗ್ರಿಗಳು

ಟೆಸ್ಟ್ ಲ್ಯಾಂಪ್, ಸರಿಯಾದ ಅಳತೆಯ ಫ್ಯೂಸ್‌ಗಳು, ಹಿಂಬದಿ ಹಾಗೂ ಬ್ರೇಕ್ ಬಲ್ಬುಗಳು, ಕೆಲವು ಮೀಟರ್ ತಂತಿ, ಇನ್ಸುಲೇಷನ್ ಟೇಪ್, ಪಕ್ಕಡ, ಸ್ಪ್ಯಾನರ್, ಮರಳು ಕಾಗದ, ಟಾರ್ಚ್ ಮತ್ತು ಎಚ್ಚರಿಕೆಯ ತ್ರಿಕೋನ ಫಲಕ. ಇವೆಲ್ಲವೂ ಒಂದು ಸಣ್ಣ ಡಬ್ಬಿಯಲ್ಲೋ ಚೀಲದಲ್ಲೋ ಅಡಕವಾಗುತ್ತವೆ. ಹಂಗಾಮಿನ ಆರಂಭದಲ್ಲೇ ವೈರಿಂಗ್ ಪರೀಕ್ಷಿಸಿ, ಪ್ರತಿದಿನ ಕತ್ತಲಾಗುವ ಮೊದಲು ದೀಪಗಳನ್ನು ಹಾಕಿ ನೋಡುವ ರೂಢಿ ಇಟ್ಟುಕೊಂಡರೆ ಹೆಚ್ಚಿನ ದೋಷಗಳು ರಸ್ತೆಗೆ ಬರುವ ಮುನ್ನವೇ ತಿಳಿಯುತ್ತವೆ.

ಇವನ್ನೂ ನೋಡಿ

ಕಬ್ಬು
ಸೀಸ-ಆಮ್ಲ ಬ್ಯಾಟರಿ
ಆಲ್ಟರ್ನೇಟರ್
ಬೆಳಗಾವಿ ಜಿಲ್ಲೆ
ರಸ್ತೆ ಸುರಕ್ಷತೆ